ಹಿನ್ನೀರಿನಾಚೆಯ ಹಾಜರಿ ಪುಸ್ತಕ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಶರಾವತಿ ಹಿನ್ನೀರಿನ ಮೇಲೆ 2.44 ಕಿಲೋಮೀಟರ್ ಉದ್ದದ ಸೇತುವೆ. ಸಿಗಂದೂರಿಗೆ ಹೋಗುವ ಭಕ್ತರಿಗೆ ಅನುಕೂಲವಾಯಿತೆಂದು ಪತ್ರಿಕೆಗಳು ಬರೆದವು. ರಾತ್ರಿ ಹೊತ್ತು ಹೆರಿಗೆ ನೋವು ಬಂದರೆ ಇನ್ನು ಲಾಂಚಿಗೆ ಕಾಯಬೇಕಿಲ್ಲವೆಂದು ತುಮರಿ ಕಡೆಯ ಜನ ನಿಟ್ಟುಸಿರು ಬಿಟ್ಟರು. ಎರಡೂ ನಿಜ. ಆ ಭಾಗದ ಶಾಲೆಗಳಲ್ಲಿ ಸೇವೆಯ ಬಹುಪಾಲು ಕಳೆದ ನನಗೆ ಮೊದಲು ನೆನಪಾದವರು ಏಳನೇ ತರಗತಿ ಮುಗಿಸಿ ಮನೆಯಲ್ಲೇ ಉಳಿದುಹೋದ ಹುಡುಗಿಯರು. ಅವರಲ್ಲಿ ಹಲವರಿಗೆ ಈಗ ಐವತ್ತರ ಹತ್ತಿರ ವಯಸ್ಸು. ಲೆಕ್ಕದಲ್ಲಿ ನನಗಿಂತ ಚುರುಕಿದ್ದವರೂ ಅವರಲ್ಲಿದ್ದರು.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಾಗ ಶರಾವತಿ ಕಣಿವೆಯ ಗದ್ದೆ, ತೋಟ, ರಸ್ತೆಗಳು ನೀರಿನಡಿ ಹೋದವು. ಅದಕ್ಕೂ ಮುಂಚೆ, 1948ರ ಹಿರೇಭಾಸ್ಕರ ಅಣೆಕಟ್ಟಿಗೆ ಮನೆ ಕಳೆದುಕೊಂಡು ಮೇಲೆ ಬಂದು ಕೂತಿದ್ದ ಕೆಲವರು ಎರಡನೇ ಸಲ ಗಂಟುಮೂಟೆ ಕಟ್ಟಿದರು. ಲಾರಿ ಹತ್ತಿ ಬೇರೆ ಊರುಗಳಿಗೆ ಹೋದವರು ಒಂದಷ್ಟು, ಗುಡ್ಡದ ಮೇಲಕ್ಕೆ ಸರಿದು ಅಲ್ಲೇ ಉಳಿದವರು ಒಂದಷ್ಟು. ಉಳಿದವರ ಸುತ್ತ ನೀರು, ಬೆನ್ನಿಗೆ ಘಟ್ಟದ ಕಾಡು. ಅವರ ಗದ್ದೆ ಮುಳುಗಿ ಹುಟ್ಟಿದ ಕರೆಂಟು ನಾಡನ್ನೆಲ್ಲ ಬೆಳಗಿತು. ಅವರ ಮನೆಗಳಲ್ಲಿ ಬಹಳ ವರ್ಷ ಚಿಮಣಿ ಬುಡ್ಡಿಯೇ ಉರಿಯಿತು.

ಮುಳುಗಡೆಯ ಜನರ ಶಾಲೆಯ ಕಷ್ಟ ಅರ್ಥವಾಗಬೇಕಾದರೆ ಆ ಕಡೆಯ ಮನೆಗಳು ಹೇಗಿವೆ ಎಂದು ತಿಳಿದಿರಬೇಕು. ಬಯಲುಸೀಮೆಯ ಊರಿನಂತೆ ಮನೆಗೆ ಮನೆ ತಾಗಿ, ನಡುವೆ ಶಾಲೆ, ಪಕ್ಕದಲ್ಲಿ ಗುಡಿ ಎಂಬ ಲೆಕ್ಕ ಇಲ್ಲಿಲ್ಲ. ಈ ದರೆಯ ಮೇಲೊಂದು ಮನೆ, ಆ ಹಳ್ಳದಾಚೆ ಎರಡು ಮನೆ, ಗುಡ್ಡ ಹತ್ತಿಳಿದರೆ ಹಸಲರೆಂಬ ಬುಡಕಟ್ಟಿನವರ ನಾಲ್ಕು ಗುಡಿಸಲು. ಎಲ್ಲ ಸೇರಿ ದಾಖಲೆಯಲ್ಲಿ ಒಂದು ಊರು. ಕಚೇರಿಯ ನಕ್ಷೆಯಲ್ಲಿ ಶಾಲೆಯಿಂದ ಮನೆಗೆ ಒಂದು ಕಿಲೋಮೀಟರ್ ಎಂದಿದ್ದರೆ, ಬೇಸಿಗೆಯಲ್ಲಿ ಅದು ಮೂರು ಕಿಲೋಮೀಟರ್ ನಡಿಗೆ. ಆರಿದ್ರಾ ಮಳೆ ಹಿಡಿದ ಮೇಲೆ ಅದಕ್ಕೆ ಅಳತೆಯೇ ಇಲ್ಲ. ಹಳ್ಳ ಬಿಟ್ಟರೆ ಶಾಲೆ, ಬಿಡದಿದ್ದರೆ ಇಲ್ಲ.

1986ರಲ್ಲಿ ನಾನು ಮೊದಲ ಸಲ ಹಾಜರಾದ ಶಾಲೆಗೆ ಒಂದೇ ಕೋಣೆ, ಮಣ್ಣಿನ ಗೋಡೆ, ನಾಡಹೆಂಚಿನ ಮಾಡು. ಒಂದರಿಂದ ನಾಲ್ಕರವರೆಗೆ ನಾನೊಬ್ಬನೇ ಮೇಷ್ಟ್ರು. ಮಳೆಗಾಲದಲ್ಲಿ ಹೆಂಚಿನ ಸದ್ದಿಗೆ ಪಾಠ ಕೇಳುತ್ತಿರಲಿಲ್ಲ, ಆ ಹೊತ್ತಿನಲ್ಲಿ ಕಾಪಿ ಬರೆಸುತ್ತಿದ್ದೆ. ಮಕ್ಕಳು ಕಂಬಳಿ ಕೊಪ್ಪೆ ಹೊದ್ದು ಬರುತ್ತಿದ್ದರು. ಕಂಬಳಿ ಇಲ್ಲದ ಮನೆಯ ಮಕ್ಕಳಿಗೆ ಗೊಬ್ಬರದ ಪ್ಲಾಸ್ಟಿಕ್ ಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಚಿದ ಕೊಪ್ಪೆ. ಬಾಗಿಲಲ್ಲಿ ಕೊಪ್ಪೆ ಕೊಡವಿ ಗೂಟಕ್ಕೆ ಹಾಕಿ, ಕಾಲಿನ ಇಂಬಳ ಕಿತ್ತು, ಸುಣ್ಣ ಮೆತ್ತಿಕೊಂಡು ಕೂರುತ್ತಿದ್ದರು. ಇಂಬಳ ಕಚ್ಚಿದ ಜಾಗದಿಂದ ಇಳಿದ ರಕ್ತ ಸಿಮೆಂಟಿಲ್ಲದ ನೆಲದಲ್ಲಿ ಕರೆಯಾಗಿ ನಿಲ್ಲುತ್ತಿತ್ತು. ಇದನ್ನು ಮಲೆನಾಡಿನ ಸೊಗಸೆಂದು ಬರೆಯುವವರಿದ್ದಾರೆ. ನಾನು ಕಂಡದ್ದು ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನೆಗಡಿ, ಜ್ವರ, ಕಾಲ್ಬೆರಳ ಸಂದಿಯ ಕೆಸರುಹುಣ್ಣು, ಮತ್ತು ಹಾಜರಿ ಪುಸ್ತಕದಲ್ಲಿ ಗೈರಿನ ಉದ್ದ ಸಾಲು.

ಆ ಗೈರುಗಳನ್ನು ಓದುವುದನ್ನು ಕಲಿಯಲು ನನಗೆ ಕೆಲವು ವರ್ಷ ಬೇಕಾಯಿತು. ಮೇಲಿನವರು ತಪಾಸಣೆಗೆ ಬಂದಾಗ ‘ಪಾಲಕರಲ್ಲಿ ಜಾಗೃತಿ ಇಲ್ಲ’ ಎಂದು ಬರೆದು ಹೋಗುತ್ತಿದ್ದರು. ಆ ಮಾತನ್ನು ನಾನು ಒಪ್ಪಿದವನಲ್ಲ. ಮಗು ಯಾವ ವಾರ ತಪ್ಪುತ್ತದೆ, ಯಾವ ಮನೆಯದು ತಪ್ಪುತ್ತದೆ, ಅಣ್ಣ ಬಂದು ತಂಗಿ ಬರದಿದ್ದರೆ ಯಾಕೆ ಎಂದು ನೋಡುತ್ತ ಹೋದರೆ ಪ್ರತಿಯೊಂದು ಗೈರಿನ ಹಿಂದೆ ಕಣ್ಣಿಗೆ ಕಾಣುವ ಕಾರಣ ಇರುತ್ತಿತ್ತು. ಆ ಕಾರಣ ತೆಗೆದರೆ ಮಗು ಬರುತ್ತಿತ್ತು. ತೆಗೆಯದೆ ಎಷ್ಟು ಜಾಥಾ ಮಾಡಿದರೂ ಬರುತ್ತಿರಲಿಲ್ಲ.

ಮೊದಲನೆಯದು ಸಂಕ. ಎರಡೋ ಮೂರೋ ಅಡಿಕೆ ಮರದ ದಬ್ಬೆಗಳನ್ನು ಹಳ್ಳಕ್ಕೆ ಅಡ್ಡ ಹಾಕಿ, ಬಳ್ಳಿಯಿಂದ ಬಿಗಿದು, ಒಂದು ಪಕ್ಕ ಬಿದಿರಿನ ಕೈತಾಂಗು ಕಟ್ಟಿದರೆ ಅದೇ ಕಾಲುಸಂಕ. ಮಳೆ ಹಿಡಿಯುವ ಮುಂಚೆ ಮನೆಗೊಂದಾಳು ಬಂದು ಹೊಸದಾಗಿ ಹಾಕುತ್ತಿದ್ದರು. ಹದಿನೈದು ದಿನದಲ್ಲಿ ದಬ್ಬೆಯ ಮೇಲೆ ಪಾಚಿ. ದೊಡ್ಡವರು ಬರಿಗಾಲಿನ ಬೆರಳು ಊರಿ ದಾಟಿಬಿಡುತ್ತಾರೆ. ಎರಡನೇ ತರಗತಿಯ ಮಗುವಿಗೆ ಕೈತಾಂಗು ಎಟುಕುವುದಿಲ್ಲ. ಅದು ಕೂತು, ಎರಡೂ ಕೈ ಮುಂದೆ ಊರಿ, ಜರುಗಿ ಜರುಗಿ ದಾಟುತ್ತದೆ. ಕೆಳಗೆ ಕೆಂಪು ನೀರು. ಬೆಳಿಗ್ಗೆ ಅಪ್ಪನೋ ಅಜ್ಜನೋ ಎತ್ತಿ ದಾಟಿಸಿ ಕೆಲಸಕ್ಕೆ ಹೋಗುತ್ತಾರೆ. ಸಂಜೆ ದಾಟಿಸುವವರು ಯಾರು? ನಾಟಿಯ ದಿನಗಳಲ್ಲಿ ಗದ್ದೆಯಿಂದ ಯಾರೂ ನಾಲ್ಕೂವರೆಗೆ ಏಳುವಂತಿಲ್ಲ. ಹಾಗಾಗಿ ಸಂಜೆ ಕರೆದೊಯ್ಯಲು ಆಳಿಲ್ಲದ ಮನೆಯ ಮಗುವನ್ನು ಬೆಳಿಗ್ಗೆಯೇ ಕಳಿಸುತ್ತಿರಲಿಲ್ಲ. ಅದು ಜಾಗೃತಿ ಇಲ್ಲದವರ ತೀರ್ಮಾನವಲ್ಲ. ಮಗು ಜೀವಂತ ಇರಬೇಕೆಂದು ಬಯಸುವ ತಾಯಿಯ ತೀರ್ಮಾನ.

ನಾವು ಮಾಡಿದ್ದು ದೊಡ್ಡದೇನಲ್ಲ. ಮಳೆಗಾಲದ ಆ ಕೆಲವು ವಾರ ಶಾಲೆ ಬೇಗ ಬಿಟ್ಟು ಬೇರೆ ತಿಂಗಳಲ್ಲಿ ಅವಧಿ ಸರಿದೂಗಿಸಿದೆವು. ಊರಿನವರು ಕೂತು ಹಳ್ಳಕ್ಕೊಂದು ಮನೆಯಂತೆ ಪಾಳಿ ಹಚ್ಚಿದರು, ಸಂಜೆ ದಾಟಿಸುವ ಹೊಣೆ ಆ ದಿನ ಆ ಮನೆಯದು. ಕೈತಾಂಗನ್ನು ಎರಡು ಎತ್ತರದಲ್ಲಿ ಕಟ್ಟಿಸಿದೆವು, ಒಂದು ದೊಡ್ಡವರಿಗೆ, ಒಂದು ಮಕ್ಕಳ ಕೈಗೆ. ಕೆಳಗಿನ ಆ ಒಂದು ಬಿದಿರು ಬಂದ ಮೇಲೆ ಮಕ್ಕಳು ನಿಂತು ದಾಟತೊಡಗಿದರು. ಸಲಹೆ ಕೊಟ್ಟವಳು ಓದು ಬಾರದ ಒಬ್ಬ ಅಜ್ಜಿ. “ದೊಡ್ಡವ್ರ ಕೈಗೆ ಕಟ್ಟಿ ಹುಡ್ರು ಬೀಳ್ತ್ರು ಅಂದ್ರೆ ಎಂತ ಮಾಡದು ಮೇಷ್ಟ್ರೆ” ಎಂದು ಸಭೆಯಲ್ಲಿ ಎದ್ದು ಕೇಳಿದಳು. ಅದಕ್ಕೆ ಯಾರ ಬಳಿಯೂ ಉತ್ತರ ಇರಲಿಲ್ಲ. ಮರುದಿನವೇ ಬಿದಿರು ಕಡಿದು ತಂದರು.

ದಕ್ಷಿಣಕ್ಕೆ ಸುಳ್ಯದ ಕಡೆ ಇದೇ ಕಷ್ಟಕ್ಕೆ ಇನ್ನೂ ಗಟ್ಟಿಯಾದ ಉತ್ತರ ಸಿಕ್ಕಿತು. ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು. ಮುಂದೆ ಅಂಥ ನೂರಕ್ಕೂ ಹೆಚ್ಚು ತೂಗುಸೇತುವೆಗಳು ಅವರ ಕೈಯಿಂದ ಎದ್ದವು, 2017ರಲ್ಲಿ ಪದ್ಮಶ್ರೀ ಬಂತು. ಆ ಸೇತುವೆಗಳ ಮೇಲೆ ಲಾರಿ ಓಡುವುದಿಲ್ಲ. ನಡೆಯುವವರು ದಾಟುತ್ತಾರೆ, ಅವರಲ್ಲಿ ಶಾಲೆಯ ಮಕ್ಕಳು ಬಹಳ. ಸರ್ಕಾರದ ದುಡ್ಡು ದೊಡ್ಡ ಸೇತುವೆಗೆ ಬೇಗ ಸಿಗುತ್ತದೆ, ಮಗು ದಾಟುವ ನಾಲ್ಕಡಿ ಅಗಲದ ಸೇತುವೆಗೆ ಸಿಗುವುದಿಲ್ಲ. ಮಲೆನಾಡು ಮತ್ತು ಕರಾವಳಿಯ ಶಾಲಾ ದಾರಿಗಳಿಗೆಂದೇ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆ ಬರಲು ಬಹಳ ವರ್ಷ ಕಾಯಬೇಕಾಯಿತು. ಬಂದ ಮೇಲೂ ಎಲ್ಲ ಹಳ್ಳಗಳಿಗೆ ಅದು ಮುಟ್ಟಲಿಲ್ಲ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಬರುವಾಗ ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ನಾನು ಮೇಲೆ ಬರೆದದ್ದೆಲ್ಲ ಮುಗಿದ ಕಾಲದ ಕತೆಯೆಂದು ಯಾರೂ ತಿಳಿಯಬಾರದು.

ಎರಡನೆಯ ಕಾರಣ ಕೆಲಸ. ದೀಪಾವಳಿ ಕಳೆದು ಅಡಿಕೆ ಕೊಯ್ಲು ಶುರುವಾದರೆ ಕೂಲಿಯವರ ಮನೆಯ ಮಕ್ಕಳು ರಾತ್ರಿ ಅಡಿಕೆ ಸುಲಿಯಲು ಕೂರುತ್ತಿದ್ದರು. ಮೆಟ್ಟುಗತ್ತಿಯ ಮುಂದೆ ಹತ್ತು ವರ್ಷದ ಮಗು, ಹೊತ್ತಿಗೆ ಮೀರಿದ ನಿದ್ದೆ. ಸುಲಿದ ಡಬ್ಬದ ಲೆಕ್ಕಕ್ಕೆ ಕೂಲಿ. ಮರುದಿನ ಶಾಲೆಗೆ ಬಂದರೂ ಕೂತಲ್ಲೇ ತೂಕಡಿಸುತ್ತಿತ್ತು, ಬೆರಳ ತುದಿ ಅಡಿಕೆ ಚೊಗರಿಗೆ ಕಪ್ಪಾಗಿರುತ್ತಿತ್ತು. ಹುಡುಗಿಯರ ಕೆಲಸ ಇದಕ್ಕಿಂತ ಉದ್ದ, ಅದಕ್ಕೆ ಹಂಗಾಮಿಲ್ಲ. ಮನೆಯಲ್ಲಿ ಕೂಸಿದ್ದರೆ ಅಮ್ಮ ಗದ್ದೆಗೆ ಹೋಗುತ್ತಾಳೆ, ಕೂಸನ್ನು ಆಡಿಸುವವಳು ಅಕ್ಕ. ಅಕ್ಕನಿಗೆ ಎಂಟು ವರ್ಷ. ಆ ಕೂಸು ನಡೆಯುವ ಹೊತ್ತಿಗೆ ಇನ್ನೊಂದು ಕೂಸು. ಹೀಗೆ ಒಂದನೇ ತರಗತಿಗೆ ಹೆಸರು ಹಚ್ಚಿದ ಹುಡುಗಿ ನಾಲ್ಕು ವರ್ಷ ಹಾಜರಿ ಪುಸ್ತಕದಲ್ಲಿ ಹೆಸರಾಗಿ ಮಾತ್ರ ಉಳಿಯುತ್ತಿದ್ದಳು.

ಅಂಥ ಒಬ್ಬಳಿಗೆ, ಕೂಸನ್ನು ಕರೆದುಕೊಂಡೇ ಬಾ ಎಂದೆ. ಬಂದಳು. ಕೋಣೆಯ ಮೂಲೆಯಲ್ಲಿ ಚಾಪೆ ಹಾಸಿ ಕೂಸನ್ನು ಮಲಗಿಸಿ ಪಾಠಕ್ಕೆ ಕೂತಳು. ಅದನ್ನು ಕಂಡು ಇನ್ನಿಬ್ಬರು ಬಂದರು. ಕೂಸು ಅತ್ತರೆ ಪಾಠ ನಿಲ್ಲುತ್ತಿತ್ತು, ನಿಂತರೆ ನಿಲ್ಲಲಿ ಎಂದುಕೊಂಡೆ. ನಿಜವಾದ ಪರಿಹಾರ ಬಂದದ್ದು ಶಾಲೆಯ ಅಂಗಳದಲ್ಲೇ ಅಂಗನವಾಡಿ ತೆರೆದ ಮೇಲೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರಲ್ಲಿ, ನಮ್ಮ ಊರಿಗೆ ಅದು ಬಂದದ್ದು ಬಹಳ ತಡವಾಗಿ. ತಮ್ಮನನ್ನು ಅಂಗನವಾಡಿಯ ಬಾಗಿಲಲ್ಲಿ ಇಳಿಸಿ ಅಕ್ಕ ಪಕ್ಕದ ಬಾಗಿಲಿನಿಂದ ತರಗತಿಗೆ ಬಂದಳು. ಹೆಣ್ಣುಮಕ್ಕಳನ್ನು ಶಾಲೆಗೆ ತರಲು ಎಷ್ಟೋ ಘೋಷಣೆ, ಗೋಡೆಬರಹ, ಬೀದಿನಾಟಕ ಕಂಡಿದ್ದೇನೆ. ಆ ಪಕ್ಕದ ಬಾಗಿಲು ತಂದಷ್ಟು ಹುಡುಗಿಯರನ್ನು ಅವು ಯಾವುವೂ ತರಲಿಲ್ಲ. ಇಂದು ಹೊಸ ಅಂಗನವಾಡಿ ಕಟ್ಟಡಕ್ಕೆ ಶಾಲೆಯಿಂದ ದೂರ, ಜಾಗ ಸಿಕ್ಕಲ್ಲಿ ಮಂಜೂರಾತಿ ಕೊಡುವುದನ್ನು ಕಂಡಾಗ ಸಿಟ್ಟು ಬರುತ್ತದೆ.

ಮೂರನೆಯದು ಊಟ. ಅದರ ವಿಷಯ ಎಲ್ಲರಿಗೂ ಗೊತ್ತಿರುವುದೇ, ಹೆಚ್ಚು ಹೇಳಬೇಕಿಲ್ಲ. ನಾನು ಓದುವಾಗ ಕೇರ್ ಸಂಸ್ಥೆಯ ಗೋಧಿ ಉಪ್ಪಿಟ್ಟು, ಹಾಲಿನ ಪುಡಿ ಇತ್ತು. ನಾನು ಮೇಷ್ಟ್ರಾಗುವ ಹೊತ್ತಿಗೆ ನಮ್ಮ ಕಡೆ ಅದೂ ಇರಲಿಲ್ಲ. 1995ರಲ್ಲಿ ಕೇಂದ್ರದ ಯೋಜನೆಯಡಿ ತಿಂಗಳಿಗೆ ಮಗುವಿಗೆ 3 ಕಿಲೋ ಧಾನ್ಯ ಬಂತು, ನೂರಕ್ಕೆ 80ರಷ್ಟು ಹಾಜರಾತಿ ಇದ್ದರೆ ಮಾತ್ರ. ಆ ಷರತ್ತು ನನಗೆ ಹಿಡಿಸಲಿಲ್ಲ. ಹಳ್ಳ ಬಿಡದೆ ಬರಲಾಗದ ಮಗುವಿಗೆ ಅಕ್ಕಿಯೂ ತಪ್ಪುತ್ತಿತ್ತು, ಅಂದರೆ ಎಲ್ಲಕ್ಕಿಂತ ಬಡವಾದ ಮನೆಗೇ ತಪ್ಪುತ್ತಿತ್ತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು, ಮರುವರ್ಷ ನಮ್ಮ ಕಡೆಗೂ ಬಂತು. ಅಲ್ಲಿಂದ ಮಧ್ಯಾಹ್ನದ ಮೇಲಿನ ಗೈರು ಎಂಬುದೇ ಹೋಯಿತು. ಮೊದಲು ಊಟಕ್ಕೆ ಮನೆಗೆ ಹೋದ ಮಗು ಹಳ್ಳ ದಾಟಿ ಮತ್ತೆ ಬರುತ್ತಿರಲಿಲ್ಲ. ಹಾಲು 2013ರಲ್ಲಿ ಬಂತು, ಮೊಟ್ಟೆ ಆಮೇಲೆ. ಮೊಟ್ಟೆ ಕೊಡಬೇಕೋ ಬೇಡವೋ ಎಂದು ನಡೆದ ಜಗಳದಲ್ಲಿ ಬಡವರ ಮಕ್ಕಳ ಮಾತನ್ನು ಯಾರೂ ಕೇಳಲಿಲ್ಲ. ತಟ್ಟೆಯಲ್ಲಿ ಮೊಟ್ಟೆ ಇದ್ದ ದಿನ ಅವರ ಮುಖ ನೋಡಿದ್ದರೆ ಜಗಳ ಬೇಕಿರಲಿಲ್ಲ.

ಶಾಲೆಗೆ ಮಗು ಬಂದರೆ ಸಾಲದು, ಮೇಷ್ಟ್ರೂ ಇರಬೇಕು. 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಪ್ರತಿ ಶಾಲೆಗೂ ಎರಡನೇ ಮೇಷ್ಟ್ರು, ಎರಡನೇ ಕೋಣೆ ಎಂದಿತು. ಆದರೆ ಹಿನ್ನೀರಿನಾಚೆಗೆ ವರ್ಗವಾದವರು ಅಲ್ಲಿ ನಿಲ್ಲುತ್ತಿರಲಿಲ್ಲ. ಶಿಫಾರಸು ಇದ್ದವರು ಕೆಲವೇ ತಿಂಗಳಲ್ಲಿ ಪೇಟೆ ಸೇರುತ್ತಿದ್ದರು. ಮಲೆನಾಡಿನವರೇ ಆದ ಎಚ್.ಜಿ. ಗೋವಿಂದೇಗೌಡರು 1994ರಿಂದ 99ರವರೆಗೆ ಶಿಕ್ಷಣ ಸಚಿವರಾಗಿದ್ದಾಗ ಅಂಕದ ಆಧಾರದಲ್ಲಿ ಸಾವಿರಾರು ಶಿಕ್ಷಕರನ್ನು ಲಂಚವಿಲ್ಲದೆ ನೇಮಿಸಿದರು. ಆ ಕಾಲದಲ್ಲಿ ನೇಮಕವಾಗಿ ನಮ್ಮ ಕಡೆಗೆ ಬಂದ ಬಡ ಮನೆಯ ಹುಡುಗ ಹುಡುಗಿಯರು ಊರಲ್ಲೇ ಬಾಡಿಗೆ ಕೋಣೆ ಹಿಡಿದು ನಿಂತರು. ತಾವೂ ಹಳ್ಳ ದಾಟಿಯೇ ಓದಿ ಬಂದವರಾದ್ದರಿಂದ ಮಗು ಯಾಕೆ ಬರಲಿಲ್ಲವೆಂದು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಒಂದು ಸಲ ನಿಯತ್ತಾಗಿ ನಡೆದ ನೇಮಕಾತಿ ಬಡ ಮಕ್ಕಳಿಗೆ ಎಷ್ಟು ವರ್ಷ ಆಸರೆಯಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಷ್ಟೆಲ್ಲ ಆದರೂ ಏಳನೇ ತರಗತಿಯ ಗೋಡೆ ಗೋಡೆಯಾಗಿಯೇ ಉಳಿಯಿತು. ಅಲ್ಲಿಂದ ಮುಂದೆ ಹೈಸ್ಕೂಲಿಗೆ ಒಂದೋ ಕಾಡುದಾರಿಯಲ್ಲಿ ಗಂಟೆಗಟ್ಟಲೆ ನಡಿಗೆ, ಇಲ್ಲವೇ ಲಾಂಚ್ ದಾಟಿ ಸಾಗರ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ರಾತ್ರಿ ದಡದಲ್ಲೇ. ಬೇಸಿಗೆಯಲ್ಲಿ ನೀರು ಕೆಳಗೆ ಹೋದರೆ ಲಾಂಚಿನ ದಡವೇ ದೂರ ಸರಿಯುತ್ತಿತ್ತು. ಹುಡುಗರಿಗೆ ಹೇಗೋ ಹಾಸ್ಟೆಲ್ ಸಿಗುತ್ತಿತ್ತು. ದೇವರಾಜ ಅರಸು ಕಾಲದಿಂದ ಬೆಳೆದ ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ಇಲ್ಲಿಯ ದೀವರ ಸಮುದಾಯದ ಮನೆಗಳ ಒಂದು ತಲೆಮಾರಿನ ಹುಡುಗರನ್ನು ಓದಿಸಿದವು. 1974ರ ಭೂ ಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟದ್ದರಿಂದ ಮಗನನ್ನು ಹಾಸ್ಟೆಲಿಗೆ ಬಿಟ್ಟು ಬರುವ ಧೈರ್ಯ ಮನೆಗಳಿಗೆ ಬಂದಿತ್ತು. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದದ್ದು ಇದೇ ಸಾಗರದ ನೆಲದಲ್ಲಿ. ಅಲ್ಲಿ ಹೋರಾಡಿದವರ ಮೊಮ್ಮಕ್ಕಳು ಇಂದು ವಕೀಲರು, ಎಂಜಿನಿಯರುಗಳು ಆಗಿದ್ದರೆ ನೆಲ ಮತ್ತು ಹಾಸ್ಟೆಲ್ ಎರಡೂ ಅದಕ್ಕೆ ಕಾರಣ. ಒಂದನ್ನು ಬಿಟ್ಟು ಇನ್ನೊಂದನ್ನು ಹೊಗಳಿದರೆ ಲೆಕ್ಕ ತಪ್ಪುತ್ತದೆ.

ಹುಡುಗಿಯರಿಗೆ ಹಾಸ್ಟೆಲ್ ಕಡಿಮೆ, ಇದ್ದರೂ ಕಳಿಸುವ ಮನಸ್ಸು ಕಡಿಮೆ. ಅವರಿಗೆ ಇನ್ನೊಂದು ದಾರಿಯಿತ್ತು, ಅದರ ಬಗ್ಗೆ ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ. ಪೇಟೆಯ ಅನುಕೂಲಸ್ಥರು ‘ಹುಡುಗಿಯನ್ನು ನಮ್ಮನೇಲಿಟ್ಕಂಡು ಓದಿಸ್ತೀವಿ’ ಎಂದು ಕರೆದೊಯ್ಯುತ್ತಿದ್ದರು. ಕೆಲವರು ನಿಜಕ್ಕೂ ಓದಿಸಿದರು, ಅವರಿಗೆ ಕೈ ಮುಗಿಯುತ್ತೇನೆ. ಬಹಳ ಮನೆಗಳಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಪಾತ್ರೆ, ಬಟ್ಟೆ, ಮಗುವಿನ ಕೆಲಸ ಮುಗಿಸಿ ಶಾಲೆಗೆ ಓಡಿ, ಸಂಜೆ ಬಂದು ಮತ್ತೆ ಅದೇ. ಹತ್ತನೇ ತರಗತಿ ಫೇಲಾದರೆ ‘ತಲೆ ಇಲ್ಲ’ ಎಂದರು. ನನ್ನ ಶಾಲೆಯಿಂದ ಹಾಗೆ ಹೋದ ಒಬ್ಬ ಹುಡುಗಿ ವರ್ಷ ಕಳೆಯುವುದರೊಳಗೆ ಮರಳಿ ಬಂದಳು. ಯಾಕೆಂದು ನಾನು ಕೇಳಲಿಲ್ಲ, ಅವಳ ಕೈ ನೋಡಿದರೆ ಸಾಕಿತ್ತು, ಸೋಪಿನ ನೀರಿಗೆ ಬೆರಳ ಸಂದಿಯೆಲ್ಲ ಬಿರಿದಿತ್ತು. ಅದು ದಾನವಾಗಿರಲಿಲ್ಲ, ಸಂಬಳವಿಲ್ಲದ ಚಾಕರಿ. 1996ರ ಸುಮಾರಿಗೆ ಶುರುವಾದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಮಾಡಿದ ದೊಡ್ಡ ಉಪಕಾರವೆಂದರೆ ಬಡವರ ಮಗಳು ಯಾರ ಮನೆಯ ಹಿತ್ತಿಲಲ್ಲೂ ದುಡಿಯದೆ ಓದಬಹುದಾದದ್ದು. ಯಾರಾದರೂ ಬಡ ಮಕ್ಕಳಿಗೆ ಸಹಾಯ ಮಾಡಬೇಕೆಂದು ಬಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಹುಡುಗಿಗೆ ಹಾಸ್ಟೆಲ್ ಸೀಟು ಕೊಡಿಸಿ, ನಿಮ್ಮ ಮನೆಯಲ್ಲಿ ಜಾಗ ಬೇಡ.

ಈಗಿನ ಮಾತಿಗೆ ಬರುತ್ತೇನೆ. ನಾನು ಮೊದಲು ಹಾಜರಾದ ಶಾಲೆಗೆ ಇಂದು ಆರ್‌ಸಿಸಿ ಕಟ್ಟಡ, ಶೌಚಾಲಯ, ನೀರು, ಅಡುಗೆಮನೆ, ಗೋಡೆಯ ಮೇಲೆ ಬಣ್ಣದ ಚಿತ್ರ ಎಲ್ಲ ಇವೆ. ಹಳ್ಳಕ್ಕೆ ಕಾಂಕ್ರೀಟಿನ ಮೋರಿ ಬಂದಿದೆ, ಡಾಂಬರು ರಸ್ತೆ ಅಂಗಳದವರೆಗೆ ಬಂದಿದೆ. ಮಕ್ಕಳು ಒಂಬತ್ತು ಮಂದಿ. ಅದೇ ರಸ್ತೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನ್ ಬಂದು ಫೀಸು ಕಟ್ಟಬಲ್ಲ ಮನೆಗಳ ಮಕ್ಕಳನ್ನು ದೂರದ ಇಂಗ್ಲಿಷ್ ಮಾಧ್ಯಮ ಶಾಲೆಗೆ ಒಯ್ಯುತ್ತದೆ. ಅವರ ಅಪ್ಪ ಅಮ್ಮಂದಿರನ್ನು ನಾನು ದೂರುವುದಿಲ್ಲ. ಅವರಿಗೆ ಮಕ್ಕಳು ಇಂಗ್ಲಿಷ್ ಕಲಿಯಬೇಕು, ಒಂದು ತರಗತಿಗೆ ಒಬ್ಬ ಶಿಕ್ಷಕರಿರಬೇಕು, ಆ ಬಯಕೆ ನ್ಯಾಯವಾದದ್ದೇ. ಉಳಿದ ಒಂಬತ್ತು ಮಂದಿ ಯಾರು ಎಂದು ನೋಡಿ: ಹಸಲರ ಮಕ್ಕಳು, ಗಂಡ ಬಿಟ್ಟ ಹೆಂಗಸಿನ ಮಗ, ತೋಟದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದು ಶೆಡ್ಡಿನಲ್ಲಿ ಉಳಿದ ಸಂಸಾರದ ಮಕ್ಕಳು. ನಾನು ಹಿಂದೆ ಯಾರನ್ನು ಹುಡುಕಿಕೊಂಡು ಗುಡ್ಡ ಹತ್ತುತ್ತಿದ್ದೆನೋ ಅವರೇ ಇವರು. ಶಾಲೆಯಲ್ಲಿ ಉಳಿದವರು ಅವರು ಮಾತ್ರ, ಮತ್ತು ಆ ಶಾಲೆಯ ಮೇಲೆಯೇ ಈಗ ಕಣ್ಣು ಬಿದ್ದಿದೆ.

ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆಗಳನ್ನು ಹತ್ತಿರದ ದೊಡ್ಡ ಶಾಲೆಗೆ ಸೇರಿಸುವ ಮಾತು ಹಲವು ಸರ್ಕಾರಗಳಿಂದ ನಡೆದುಕೊಂಡು ಬಂದಿದೆ. ಬೇರೆ ಬೇರೆ ಹೆಸರಿನಲ್ಲಿ ಬರುತ್ತದೆ, ತಾತ್ಪರ್ಯ ಒಂದೇ. ಅದರಲ್ಲಿ ಹುರುಳಿಲ್ಲ ಎನ್ನಲಾರೆ. ನಾಲ್ಕು ತರಗತಿಯನ್ನು ಒಬ್ಬನೇ ಕೂರಿಸಿಕೊಂಡು ಕಲಿಸಿದವನಿಗೆ ಅದರಿಂದ ಮಗುವಿಗೆ ಆಗುವ ನಷ್ಟ ಗೊತ್ತು. ದೊಡ್ಡ ಶಾಲೆ, ಹೆಚ್ಚು ಶಿಕ್ಷಕರು, ಆಡಲು ಜೊತೆ, ಇವೆಲ್ಲ ಬೇಕು. ಆದರೆ 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ನಿಯಮದಂತೆ ಐದನೇ ತರಗತಿವರೆಗಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ, ಎಂಟರವರೆಗಿನ ಮಗುವಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು. ಶಾಲೆ ದೂರವಾದರೆ ಸಮಗ್ರ ಶಿಕ್ಷಣದಲ್ಲಿ ಸಾರಿಗೆ ಮತ್ತು ಬೆಂಗಾವಲಿಗೆಂದು ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ ಕೊಡಲು ಅವಕಾಶವಿದೆ. ಅಂದರೆ ತಿಂಗಳಿಗೆ 500 ರೂಪಾಯಿ. ಹಸಲರ ಕೇರಿಯಿಂದ ಮೂವರು ಮಕ್ಕಳನ್ನು ದಿನಾ ಎರಡು ಹೊತ್ತು ಆ ದುಡ್ಡಿಗೆ ಯಾವ ಆಟೋದವನು ಕರೆದೊಯ್ಯುತ್ತಾನೆ? ಹಣ ಖಾತೆಗೆ ಬರುವುದು ತಿಂಗಳುಗಳ ಮೇಲೆ. ಆಧಾರ್‌ನಲ್ಲಿ ಹೆಸರಿನ ಒಂದಕ್ಷರ ಶಾಲೆಯ ದಾಖಲೆಗಿಂತ ಬೇರೆಯಿದ್ದರೆ ಅದೂ ಬರುವುದಿಲ್ಲ.

ಸಾರಿಗೆಯ ಯೋಜನೆಗಳು ಬಂದಿಲ್ಲವೆಂದಲ್ಲ. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಬಂತು. ನಮ್ಮ ಏರಿನಲ್ಲಿ ತಳ್ಳಿಕೊಂಡು ಹೋಗುವುದೇ ಹೆಚ್ಚಾದರೂ ಇಳಿಜಾರಿನ ಅರ್ಧ ದಾರಿ ಉಳಿಯುತ್ತಿತ್ತು. ಬಯಲುಸೀಮೆಯಲ್ಲಿ ಅದು ಹುಡುಗಿಯರ ಓದನ್ನೇ ಉಳಿಸಿತು. 2019-20ರ ನಂತರ ಸೈಕಲ್ ವಿತರಣೆ ನಿಂತಿತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಶಕ್ತಿ ಎಂಬ ಈ ಯೋಜನೆ ಒಳ್ಳೆಯದು. ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಶಕ್ತಿ ಯೋಜನೆ ನಡೆಯುವುದಿಲ್ಲ. ಮಂಡ್ಯದ ಹುಡುಗಿಗೆ ಸಿಕ್ಕದ್ದು ತುಮರಿಯ ಹುಡುಗಿಗೆ ಸಿಗಬೇಕಾದರೆ ಮೊದಲು ಸರ್ಕಾರಿ ಬಸ್ಸು ಆ ದಾರಿಗೆ ಬರಬೇಕು. ಸೇತುವೆಯಾದ ಮೇಲಾದರೂ ಶಾಲೆಯ ಹೊತ್ತಿಗೆ ಸರಿಯಾಗಿ ಬಸ್ಸು ಬಿಡಿ ಎಂದು ಕೇಳುವುದು ದೊಡ್ಡ ಬೇಡಿಕೆಯೇನಲ್ಲ.

ಕೊರೋನಾ ಕಾಲದಲ್ಲಿ ದೂರದ ಮಗು ಎಂದರೆ ಏನೆಂದು ಇನ್ನೊಂದು ಸಲ ಗೊತ್ತಾಯಿತು. ಪೇಟೆಯಲ್ಲಿ ಆನ್‌ಲೈನ್ ಪಾಠ ನಡೆಯುತ್ತಿದ್ದಾಗ ನಮ್ಮ ಕಡೆ ಸಿಗ್ನಲ್ ಹುಡುಕಿ ಗುಡ್ಡ ಹತ್ತಿದವರು ಕಾಲೇಜಿನ ಮಕ್ಕಳು. ಕಿರಿಯರಿಗೆ ಫೋನೇ ಇರಲಿಲ್ಲ. 2020ರ ಆಗಸ್ಟ್‌ನಲ್ಲಿ ವಿದ್ಯಾಗಮ ಶುರುವಾದಾಗ ಶಿಕ್ಷಕರು ಕೇರಿಗೇ ಹೋಗಿ ಅರಳಿಕಟ್ಟೆ, ಗುಡಿಯ ಜಗಲಿ, ಮನೆಯಂಗಳದಲ್ಲಿ ಪಾಠ ಮಾಡಿದರು. ಸೋಂಕಿನ ಭಯಕ್ಕೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಿದರು. ಮಗುವಿನ ಮನೆ ಬಾಗಿಲಿಗೆ ಶಾಲೆ ಹೋಗಬಹುದು ಎಂಬುದನ್ನು ಆ ಎರಡು ತಿಂಗಳು ತೋರಿಸಿಕೊಟ್ಟವು. ಆಮೇಲೆ ಎಲ್ಲರೂ ಅದನ್ನು ಮರೆತರು. ಶೆಡ್ಡಿನಲ್ಲಿರುವ ವಲಸೆ ಕೂಲಿಯವರ ಮಕ್ಕಳಿಗೆ ಇಂದಿಗೂ ಬೇಕಿರುವುದು ಅದೇ. ಅವರು ಅಡಿಕೆ ಹಂಗಾಮಿಗೆ ಬರುತ್ತಾರೆ, ಮುಗಿದ ಮೇಲೆ ಹೊರಡುತ್ತಾರೆ. ವರ್ಗಾವಣೆ ಪತ್ರ ತನ್ನಿ ಎಂದು ಬಾಗಿಲಲ್ಲೇ ನಿಲ್ಲಿಸಿದರೆ ಮರುದಿನ ಆ ಮಗು ತೋಟದಲ್ಲಿರುತ್ತದೆ. ಕಾಯ್ದೆಯ ಪ್ರಕಾರ ಪತ್ರ ಇಲ್ಲವೆಂದು ಯಾವ ಮಗುವನ್ನೂ ಹಿಂದಕ್ಕೆ ಕಳಿಸುವಂತಿಲ್ಲ. ಈ ಒಂದು ಮಾತನ್ನು ಪ್ರತಿ ಮುಖ್ಯ ಶಿಕ್ಷಕರ ಮೇಜಿನ ಮೇಲೆ ಬರೆದಿಡಬೇಕು.

ನಾನು ನಿವೃತ್ತನಾಗಿದ್ದೇನೆ. ಶಾಲೆ ಸೇರಿಸುವುದನ್ನು ತಡೆಯುವ ಶಕ್ತಿ ನನಗಿಲ್ಲ, ಎಲ್ಲ ಕಡೆಯೂ ತಡೆಯಬೇಕೆಂಬ ಹಟವೂ ಇಲ್ಲ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ. ಅದರ ಸದಸ್ಯರಾಗಿರುವವರಿಗೆ, ಊರಿನಿಂದ ಹೋಗಿ ಬೆಂಗಳೂರಿನಲ್ಲಿ ನೆಲೆಸಿ ‘ನಮ್ಮೂರ ಶಾಲೆಗೆ ಏನಾದರೂ ಮಾಡಬೇಕು’ ಎನ್ನುವ ಹಳೆಯ ವಿದ್ಯಾರ್ಥಿಗಳಿಗೆ ನನ್ನದೊಂದು ಕೇಳಿಕೆ ಇದೆ. ಬ್ಯಾಗು, ನೋಟ್‌ಬುಕ್ ಹಂಚುವ ಮುಂಚೆ ಹಾಜರಿ ಪುಸ್ತಕ ತರಿಸಿ ನೋಡಿ. ಜೂನ್, ಜುಲೈನಲ್ಲಿ ಯಾವ ಮಗು ತಪ್ಪಿದೆ ಎಂದು ಕೇಳಿ, ಆ ಮಗುವಿನ ಮನೆಗೆ ಮಳೆಯಲ್ಲೇ ನಡೆದು ಹೋಗಿ. ಶಾಲೆ ಮುಚ್ಚುವ ಕಾಗದ ಬಂದರೆ, ಯಾವ ಮಗುವಿಗೆ ಯಾವ ವಾಹನ, ಬೆಳಿಗ್ಗೆ ಎಷ್ಟು ಹೊತ್ತಿಗೆ, ಸಂಜೆ ಹಳ್ಳದ ಬಳಿ ಇಳಿಸಿಕೊಳ್ಳುವವರು ಯಾರು ಎಂದು ಹೆಸರು ಸಮೇತ ಲಿಖಿತವಾಗಿ ಕೊಡುವವರೆಗೆ ಸಹಿ ಹಾಕಬೇಡಿ.